ಬಳೆಗಾರ್ತಿಯ ಕಟ್ಟೆ ಮೇಲೆ ಕೂತವರು

ನನ್ನವ್ವ ಬಡವಳು, ಬಡಪಾಯಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳ್ಳಿ ಹೆಂಗಸರ ಸಾಲದ ಮಾತು ಬಂದರೆ ಸಾಕು, ಕೇಳುವವರು ಕಣ್ಣಲ್ಲಿ ನೀರು ತುಂಬಿಕೊಂಡೇ ಕೂರುತ್ತಾರೆ. ವಿಜಯಪುರದ ಜಲನಗರದಲ್ಲಿ ನಾನೀಗ ಇರುವ ಬೀದಿಯ ಸಂಬಳದ ಮನೆಗಳ ಹೆಂಗಸರು ಸಂಜೆ ಗೇಟಿನ ಹತ್ತಿರ ನಿಂತು, ‘ಪಾಪ, ಬಡ ಹೆಣ್ಮಕ್ಕಳನ್ನ ಈ ಫೈನಾನ್ಸಿನವರು ಹಿಂಡಿ ಹಾಕ್ತಾರಂತಲ್ರಿ’ ಅನ್ನುತ್ತಾರೆ. ಹಿಂಡುವುದು ನಿಜ. ಹಿಂಡುವ ಕೈ ಯಾರದು ಅಂತ ಅವರು ಕೇಳುವುದಿಲ್ಲ, ನಾನೂ ಹೇಳಲು ಹೋಗುವುದಿಲ್ಲ. ತಿಕೋಟಾದ ನಮ್ಮ ಓಣಿಯಲ್ಲಿ ಆ ಕೈ ನನ್ನವ್ವನದಾಗಿತ್ತು.

ಅವ್ವ ದ್ರಾಕ್ಷಿ ಹಂಗಾಮಿನಲ್ಲಿ ಶೆಡ್ಡಿಗೆ ಹೋಗಿ ಒಣದ್ರಾಕ್ಷಿ ಆರಿಸುತ್ತಿದ್ದಳು. ಉಳಿದ ತಿಂಗಳುಗಳಲ್ಲಿ ರೊಟ್ಟಿ ಬಡಿದು ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಕೊಡುತ್ತಿದ್ದಳು. ಅಪ್ಪ ಇದ್ದ. ಗೋಡೆಗೆ ಬೆನ್ನು ಕೊಟ್ಟು ಬೀಡಿ ಸೇದುವಷ್ಟು ಇದ್ದ. ಮನೆ ನಡೆಸಿದ್ದು, ನನ್ನನ್ನು ಓದಿಸಿದ್ದು, ಬಬಲೇಶ್ವರ ಕಡೆಯ ಕಾಖಂಡಕಿಯಲ್ಲಿ ಹೊಲಮನೆ ಇದ್ದವರಿಗೆ ಕೊಟ್ಟು ಮದುವೆ ಮಾಡಿದ್ದು, ಎಲ್ಲ ಅವ್ವನೇ. ಹಾಗಾಗಿ ಓಣಿಯಲ್ಲಿ ಅವಳ ಮಾತಿಗೆ ಎದುರಾಡುವವರು ಇರಲಿಲ್ಲ. ಇದ್ದರೂ ಬಹಳ ದಿನ ಎದುರಾಡುತ್ತಿರಲಿಲ್ಲ.

ಫೈನಾನ್ಸ್ ಕಂಪನಿಯ ತರುಣನೊಬ್ಬ ಮೋಟಾರ್ ಸೈಕಲ್ ಮೇಲೆ ಬಂದು ಓಣಿಯ ಹೆಂಗಸರನ್ನೆಲ್ಲ ಕೂಡಿಸಿದ. ‘ಬಡ ಹೆಣ್ಮಕ್ಕಳು ತಮ್ಮ ಕಾಲ ಮ್ಯಾಲ ತಾವು ನಿಂದ್ರಬೇಕ್ರಿ ಅಕ್ಕಾರ. ಹೊಲದ ಕಾಗದ ಬ್ಯಾಡ, ಬಂಗಾರ ಬ್ಯಾಡ. ನಿಮಗ ನೀವಽ ಜಾಮೀನು’ ಎಂದ. ಹಾಗೆಂದರೆ ಏನು ಅಂತ ಆಗ ಯಾರೂ ಬಿಡಿಸಿ ಕೇಳಲಿಲ್ಲ. ಒಬ್ಬಳು ವಾರದ ಕಂತು ಕಟ್ಟದಿದ್ದರೆ ಗುಂಪಿನ ಉಳಿದವರು ತುಂಬಬೇಕು, ತುಂಬುವ ತನಕ ಯಾರೂ ಜಾಗ ಬಿಟ್ಟು ಏಳುವಂತಿಲ್ಲ ಅಂತ ಅದರ ಅರ್ಥ. ಮಂಗಳವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಜಮಖಾನ ಹಾಸಿಕೊಂಡು ಎಲ್ಲರೂ ಸಾಲಾಗಿ ಕೂರುತ್ತಿದ್ದರು. ಗುಂಪಿಗೆ ಅವ್ವನೇ ಮುಖ್ಯಸ್ಥೆ. ಆ ತರುಣ ಮೊದಲ ಸಲ ‘ಲೀಡರ್ ಅಕ್ಕಾರ’ ಅಂತ ಕರೆದ ದಿನ ಅವ್ವನನ್ನು ಹಿಡಿಯುವವರೇ ಇರಲಿಲ್ಲ.

ಸಾಲ ಯಾತಕ್ಕೆ ಅಂತ ಬರೆಸಬೇಕಿತ್ತು. ಒಬ್ಬಳನ್ನು ಬಿಟ್ಟು ಎಲ್ಲರೂ ಎಮ್ಮೆ ಕೊಳ್ಳಲು ಅಂತ ಬರೆಸಿದರು. ಕಂಪನಿಯ ಲೆಕ್ಕದಲ್ಲಿ ನಮ್ಮ ಓಣಿ ತುಂಬ ಎಮ್ಮೆಗಳು. ಹಾಲು ಮಾತ್ರ ನಾವು ಪಾಕೀಟಿನದನ್ನೇ ತರುತ್ತಿದ್ದೆವು. ಆ ಎಮ್ಮೆಗಳೆಲ್ಲ ಯಾರದೋ ಮದುವೆಗೆ, ಯಾರದೋ ಆಪರೇಷನ್ನಿಗೆ, ಗಂಡಂದಿರ ಹಳೆಯ ಬಾಕಿಗೆ ಕರಗಿಹೋದವು. ಬರೆಸಿದ್ದಕ್ಕೇ ಹಣ ಹಾಕಿದವಳು ಇಡೀ ಗುಂಪಿನಲ್ಲಿ ಒಬ್ಬಳೇ, ನಮ್ಮ ಓಣಿಯ ಬಳೆಗಾರ್ತಿ. ಬಳೆ ವ್ಯಾಪಾರಕ್ಕೆ ಅಂತ ಬರೆಸಿದಳು, ಸೋಲಾಪುರಕ್ಕೆ ಹೋಗಿ ಬಳೆಯನ್ನೇ ತಂದಳು.

ನಾನು ಅವಳನ್ನು ಚಾಚಿ ಅಂತ ಕರೆಯುತ್ತಿದ್ದೆ. ನಮ್ಮ ಮನೆಯ ಎದುರಿಗೇ ಅವಳ ಮನೆ, ಮನೆ ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬಳೆಯ ಪೆಟ್ಟಿಗೆ. ಗಂಡ ಲಾರಿ ಮೇಲೆ ಹೋದರೆ ಯಾವಾಗ ಬರುತ್ತಾನೆ, ಏನು ತರುತ್ತಾನೆ ಎರಡೂ ಗೊತ್ತಿರುತ್ತಿರಲಿಲ್ಲ. ಒಳಗೆ ಕಣ್ಣು ಕಾಣದ ಅತ್ತೆ. ಆ ಪೆಟ್ಟಿಗೆ ತೆರೆದರೆ ಒಲೆ ಹೊತ್ತುತ್ತಿತ್ತು, ಅಷ್ಟೇ ಅವಳ ಬದುಕು. ನಾನು ಸಣ್ಣವಳಿದ್ದಾಗಿನಿಂದ ನನ್ನ ಕೈಗೆ ಬಳೆ ಇಟ್ಟವಳು ಅವಳೇ, ಮದುವೆಯ ಹಸಿರು ಬಳೆ ಇಟ್ಟವಳೂ ಅವಳೇ. ಅಂಗೈಯನ್ನು ಹಿಸುಕಿ, ಬೇರೇನೋ ಮಾತು ತೆಗೆದು, ನಾನು ನಗುವಷ್ಟರಲ್ಲಿ ಬಳೆ ಮಣಿಕಟ್ಟು ದಾಟಿರುತ್ತಿತ್ತು. ಬಳೆ ಇಡಿಸಿಕೊಂಡವರು ಹಿಂದೂಗಳಿರಲಿ, ಮುಸಲ್ಮಾನರಿರಲಿ, ಕೊನೆಗೆ ಅವಳಿಗೆ ಕೈಮುಗಿದೇ ಏಳುತ್ತಿದ್ದರು. ಅವಳ ಕೈಯಿಂದ ಇಡಿಸಿಕೊಂಡರೆ ಮುತ್ತೈದೆತನ ಗಟ್ಟಿ ಅನ್ನುವ ಹೆಸರಿತ್ತು. ಆ ಹೆಸರೇ ಅವಳ ಬಂಡವಾಳ.

ತೊಂದರೆ ಏನೆಂದರೆ, ಕಂಪನಿಗೆ ವಾರವಾರ ಹಣ ಬೇಕು, ಬಳೆಗಳು ವಾರವಾರ ಖರ್ಚಾಗುವುದಿಲ್ಲ. ಮದುವೆಯ ದಿನಗಳಲ್ಲಿ, ಶ್ರಾವಣದಲ್ಲಿ, ಪಂಚಮಿಗೆ ಅವಳಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಆಷಾಢ ಬಂತೆಂದರೆ ಪೆಟ್ಟಿಗೆಯ ಮೇಲೆ ಧೂಳು. ಆಷಾಢದಲ್ಲಿ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ. ಹೊಸ ಮದುವಣಗಿತ್ತಿಯರು ತವರಿಗೆ ಬಂದು ಕೂರುವ ತಿಂಗಳು ಅದು. ಆ ವರ್ಷ ನಾನೂ ಹಾಗೇ ಬಂದು ಕೂತಿದ್ದೆ, ಹಾಗಾಗಿ ನಡೆದದ್ದನ್ನೆಲ್ಲ ಕಣ್ಣಾರೆ ನೋಡಿದೆ.

ಮೊದಲ ಮಂಗಳವಾರ ಚಾಚಿಯ ಕಂತು ಬರಲಿಲ್ಲ. ‘ಶ್ರಾವಣ ಬರ್ಲಿ, ಎಲ್ಲಾ ಒಮ್ಮೆ ತುಂಬ್ತೇನಿ’ ಅಂದಳು. ಹೆಂಗಸರು ಗೊಣಗುತ್ತ ಸೆರಗಿನ ಗಂಟು ಬಿಚ್ಚಿ ತುಂಬಿದರು. ಮುಂದಿನ ಮಂಗಳವಾರವೂ ಇಲ್ಲ. ಕಂತು ಪೂರ್ತಿಯಾಗದೆ ಏಳುವಂತಿಲ್ಲವಲ್ಲ, ಮಧ್ಯಾಹ್ನದ ತನಕ ಜಮಖಾನದ ಮೇಲೆ ಕೂತಿದ್ದು, ಕೊನೆಗೆ ತಾವೇ ತುಂಬಿ ಎದ್ದರು. ಖಾನಾವಳಿಗೆ ಅವ್ವನ ರೊಟ್ಟಿ ಹೋಗಲಿಲ್ಲ. ಮಾಲೀಕ ಅವ್ವನಿಗೆ ಬೈದ. ಅವ್ವನಿಗೆ ಯಾರಾದರೂ ಬೈದರೆ ಅದು ಬಡ್ಡಿ ಸಮೇತ ಬೇರೆ ಯಾರಿಗಾದರೂ ಹೋಗಲೇಬೇಕು.

ಅವತ್ತು ಸಂಜೆ ಅವ್ವ ಹೆಂಗಸರನ್ನು ಕರೆದಳು. ಒಬ್ಬಳು, ‘ಹೋಗಿ ನಾಕ ಬೈದು ಬರೂಣು’ ಅಂದಳು. ಅವ್ವ ತಲೆ ಅಲ್ಲಾಡಿಸಿದಳು.

‘ಬೈದ್ರ ಆಕಿನೂ ಬೈತಾಳ, ಅಲ್ಲಿಗೆ ಮುಗೀತು. ಬೈಯೂದು ಬ್ಯಾಡ, ಒದರೂದು ಬ್ಯಾಡ. ಸತ್ತವರ ಮನಿಗೆ ಹ್ಯಾಂಗ ಹೋಗ್ತೇವಿ, ಹಂಗ ಹೋಗೂಣು.’

ನಮ್ಮ ಕಡೆ ಸತ್ತವರ ಮನೆಗೆ ಹೋದರೆ ತಲೆ ಮೇಲೆ ಸೆರಗು ಹೊದ್ದು ಮಾತಿಲ್ಲದೆ ಕೂರಬೇಕು. ಆ ಮನೆಯ ಚಹಾ ಇರಲಿ, ನೀರೂ ಮುಟ್ಟಬಾರದು. ಏಳುವಾಗ ‘ಬರ್ತೇನಿ’ ಅನ್ನಬಾರದು. ಅಂದರೆ ಅಂಥ ಮನೆಗೆ ಮತ್ತೊಮ್ಮೆ ಬರುವ ಹಾಗಾಗಲಿ ಅಂತ ಕೇಳಿಕೊಂಡಂತೆ. ಸುಮ್ಮನೆ ಎದ್ದು, ಹಿಂತಿರುಗಿ ನೋಡದೆ ಹೋಗಬೇಕು. ಹಿಂದೂಗಳಿಗೂ ಮುಸಲ್ಮಾನರಿಗೂ ಈ ರೀತಿ ನಮ್ಮ ಓಣಿಯಲ್ಲಿ ಒಂದೇ ಆಗಿತ್ತು. ಹೇಳಿಕೊಡಬೇಕಾದ ಅಗತ್ಯವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಗುಂಪಿನ ಹೆಂಗಸರೆಲ್ಲ ಸೆರಗು ಹೊದ್ದುಕೊಂಡು ಚಾಚಿಯ ಕಟ್ಟೆ ಮೇಲೆ ಹೋಗಿ ಕೂತರು. ನಾನು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಚಾಚಿ ನಗುತ್ತಲೇ ಹೊರಗೆ ಬಂದಳು, ‘ಏನಕ್ಕಾ, ಎಲ್ಲಾರೂ ಕೂಡಿ ಬಂದೀರಿ?’ ಅಂದಳು. ಯಾರೂ ಉತ್ತರ ಕೊಡಲಿಲ್ಲ. ಅವಳ ನಗು ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ಎಲ್ಲಿ ಇಡಬೇಕು ಅಂತ ತಿಳಿಯದವಳ ಹಾಗೆ. ಒಳಗೆ ಹೋಗಿ ಚಹಾ ಮಾಡಿ ತಂದಳು. ಲೋಟಗಳನ್ನು ಒಬ್ಬೊಬ್ಬರ ಮುಂದೆ ಇಟ್ಟಳು. ಯಾರೂ ಮುಟ್ಟಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಆಗ ಅವಳಿಗೆ ಗೊತ್ತಾಯಿತು. ತುಂಬಿದ ಲೋಟಗಳನ್ನು ಒಂದೊಂದಾಗಿ ಮತ್ತೆ ತಟ್ಟೆಗೆ ಎತ್ತಿಟ್ಟುಕೊಂಡಳು.

ಒಳಗಿನಿಂದ ಅತ್ತೆಯ ದನಿ ಬಂತು. ಇಷ್ಟೊಂದು ಹೆಜ್ಜೆಗಳು ಬಂದು, ಬಳೆಗಳ ಸದ್ದು ಬಂದು, ಮಾತು ಮಾತ್ರ ಬಾರದ್ದನ್ನು ಆ ಮುದುಕಿ ಕೇಳಿಸಿಕೊಂಡಿದ್ದಳು. ‘ಯಾರು ಹೋದ್ರವಾ?’ ಅಂತ ಕೇಳಿದಳು. ಮತ್ತೆ, ‘ನನ್ನ ಮಗಾ ಏನು?’ ಅಂತ ಕೇಳಿದಳು. ಲಾರಿಯ ಮೇಲೆ ಹೋದ ಮಗ. ಆಮೇಲೆ ಅಳಲು ಶುರುಮಾಡಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಒಬ್ಬಳು ‘ಇಲ್ಲಮ್ಮಾ, ಯಾರಿಗೂ ಏನೂ ಆಗಿಲ್ಲ’ ಅಂದಿದ್ದರೆ ಸಾಕಿತ್ತು. ಅವ್ವ ಬೆರಳೆತ್ತಿ ಸುಮ್ಮನಿರಿ ಅನ್ನುವಂತೆ ಸನ್ನೆ ಮಾಡಿದಳು. ನನಗೆ ಅವತ್ತು ಅವ್ವನ ಬಗ್ಗೆ ಹೇಸಿಗೆಯಾಯಿತು. ಮುದುಕಿ ಅಳುತ್ತಿರುವಾಗಲೇ ಎಲ್ಲರೂ ಎದ್ದು, ಬರ್ತೇನಿ ಅನ್ನದೆ ಹೊರಟುಬಂದರು.

ಸಂಜೆಯೊಳಗೆ ಚಾಚಿ ಕಿವಿಯ ಓಲೆ ಮಾರಿ ಕಂತು ತಂದು ಅವ್ವನ ಕೈಗೆ ಕೊಟ್ಟಳು. ಕಂಪನಿಯ ತರುಣ ಖುಷಿಯಾದ. ‘ನಿಮ್ಮ ಗುಂಪಿನಂಥಾದ್ದು ಎಲ್ಲೂ ಇಲ್ರಿ ಅಕ್ಕಾರ’ ಅಂದ. ಆಷಾಢ ಮುಗಿಯುವ ತನಕ ಮಂಗಳವಾರ ಕಂತು ತಪ್ಪಿದರೆ ಬುಧವಾರ ಆ ಕಟ್ಟೆ ತುಂಬುತ್ತಿತ್ತು. ಓಲೆಯ ಹಿಂದೆ ಹಿತ್ತಾಳೆಯ ಕೊಡ ಹೋಯಿತು. ಕೊಡದ ಹಿಂದೆ ಮೊಬೈಲು ಹೋಯಿತು. ಅವ್ವ ತನ್ನ ಈ ಉಪಾಯವನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದಳು, ತಾನು ಕಂಡುಹಿಡಿದ ಹೊಸ ಅಡುಗೆಯ ರುಚಿ ಹೇಳುವವಳ ಹಾಗೆ.

ಆಮೇಲೆ ಶ್ರಾವಣ ಬಂತು. ಪಂಚಮಿ ಬಂತು. ಚಾಚಿ ಪೆಟ್ಟಿಗೆ ಒರೆಸಿ, ಬಣ್ಣಬಣ್ಣದ ಬಳೆಗಳನ್ನು ಹೊರಗೆ ಜೋಡಿಸಿ ಕಟ್ಟೆಯ ಮೇಲೆ ಕೂತಳು. ಯಾರೂ ಹೋಗಲಿಲ್ಲ.

ನಾನು ಸೀರೆ ಸರಿಮಾಡಿಕೊಂಡು ಹೊರಡುವವಳಿದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

‘ಎಲ್ಲಿಗೆ ಹೊಂಟಿ? ಹುಚ್ಚಿ ಏನ್ ಬೇ ನೀ? ಸೂತಕದ ಕಟ್ಟಿ ಮ್ಯಾಲ ಕುಂತು ಹೊಸ ಮದಲಗಿತ್ತಿ ಬಳಿ ಇಡಿಸ್ಕೊತಾಳೇನು?’

‘ಯಾರು ಸತ್ತಾರವ್ವಾ ಅಲ್ಲಿ?’

‘ಯಾರೂ ಸತ್ತಿಲ್ಲ.’ ಅವ್ವ ಬಾಗಿಲ ಚಿಲಕ ಹಾಕಿದಳು. ‘ಆದ್ರೂ.’

ಆ ‘ಆದ್ರೂ’ ಅನ್ನುವುದು ಅವ್ವನೊಬ್ಬಳ ಬಾಯಲ್ಲಿ ಇರಲಿಲ್ಲ. ಇಡೀ ಓಣಿ ಅದನ್ನೇ ಹೇಳಿತು. ಕಂತು ಕೀಳಲು ತಾವೇ ಆಡಿದ ನಾಟಕ ಅದು, ತಾವೇ ಸೆರಗು ಹೊದ್ದು ಆಡಿದ್ದು. ಆದರೆ ಮುತ್ತೈದೆಯರು ವಾರವಾರ ಬಾಯಿ ಮುಚ್ಚಿ ಕೂತೆದ್ದ ಜಾಗದಲ್ಲಿ ತಮ್ಮ ಹೆಣ್ಣುಮಕ್ಕಳ ಕೈ ಚಾಚಿಸಲು ಅವರಿಗೇ ಧೈರ್ಯ ಬರಲಿಲ್ಲ. ಸಾಲ ವಸೂಲಿ ಮಾಡಲು ಹೋಗಿ, ಸಾಲ ತೀರಬೇಕಾದ ದಾರಿಯನ್ನೇ ಮುಚ್ಚಿಬಂದಿದ್ದರು. ಚಾಚಿ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಸುತ್ತಲಿನ ಹಳ್ಳಿಗಳಿಗೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಬಸ್ಸು ಹತ್ತಿ ಹೋಗಿತ್ತು.

ಬಳೆಯ ಹಂಗಾಮಿನಲ್ಲೂ ಅವಳ ಕಂತು ಬಾರದ್ದನ್ನು ಕಂಡು ಕಂಪನಿಯ ತರುಣ ತಲೆ ಕೆರೆದುಕೊಂಡ. ಅವನ ಮೊಬೈಲಿನಲ್ಲಿ ಕಾರಣ ಒತ್ತಬೇಕಿತ್ತಂತೆ, ಮಳೆ, ಕಾಯಿಲೆ, ಮರಣ ಅಂತ ಇದ್ದವಂತೆ. ‘ಯಾವುದು ಒತ್ತಲ್ರಿ ಅಕ್ಕಾರ?’ ಅಂದ. ‘ಮರಣ ಒತ್ತು’ ಅಂತ ಯಾರೋ ಅಂದರು. ಜಮಖಾನದ ತುಂಬ ನಗೆ. ಚಾಚಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವ್ವನೂ ನಕ್ಕಳು. ಅವತ್ತಿನಿಂದ ಚಾಚಿಯ ಕಂತನ್ನು ಉಳಿದವರೇ ಹಂಚಿಕೊಂಡು ತುಂಬುವುದಾಯಿತು, ತುಂಬಿದ ಒಂದೊಂದು ರೂಪಾಯಿಗೂ ಅವಳಿಗೆ ಶಾಪ ಹಾಕಿದರು.

ನಾನು ಗರ್ಭಿಣಿಯಾದೆ. ಅವ್ವನಿಗೆ ಬದುಕಿನಲ್ಲಿ ಒಂದೇ ಆಸೆ ಇತ್ತು, ಅದನ್ನು ಮುಚ್ಚಿಟ್ಟವಳೂ ಅಲ್ಲ. ಮಗಳ ಚೊಚ್ಚಲ ಬಾಣಂತನ ತನ್ನ ಮನೆಯಲ್ಲಿ ಆಗಬೇಕು. ‘ರೊಟ್ಟಿ ಬಡಿಯಾಕಿ ಏನ್ ಬಾಣಂತನ ಮಾಡ್ತಾಳ’ ಅಂತ ಕಾಖಂಡಕಿಯ ಬೀಗರು ಅಂದುಕೊಳ್ಳಬಾರದು. ಅದಕ್ಕಾಗಿ ಇನ್ನೊಂದು ಕಂಪನಿಯಲ್ಲಿ ಇನ್ನೊಂದು ಎಮ್ಮೆ ಬರೆಸಿದಳು. ಆ ಎಮ್ಮೆಯಲ್ಲಿ ಬಚ್ಚಲಿಗೆ ಗಚ್ಚು ಬಂತು, ನೀರು ಕಾಯಿಸುವ ಹಂಡೆ ಬಂತು, ಮೂಲೆಯ ಖೋಲಿಗೆ ಬಾಣಂತಿ ಮಲಗುವ ಹೊಸ ಹೊರಸು ಬಂತು, ಡಬ್ಬಿ ತುಂಬ ಅಂಟು, ಕೊಬ್ಬರಿ, ಉತ್ತತ್ತಿ ಬಂದವು. ನಾನು ಬಂದಾಗಲೆಲ್ಲ ಕೈಹಿಡಿದು ಆ ಖೋಲಿ ತೋರಿಸುತ್ತಿದ್ದಳು. ಆಗ ಅವಳ ಮುಖ ನೋಡಿದರೆ ಎಲ್ಲ ಮರೆತು ಪ್ರೀತಿ ಉಕ್ಕುತ್ತಿತ್ತು. ಅದೇ ಸಿಟ್ಟು ಬರುವ ವಿಷಯ.

ಏಳು ತಿಂಗಳಿಗೆ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡರು. ತೋಟಗಳಲ್ಲಿ ದ್ರಾಕ್ಷಿ ಇಳಿಸುತ್ತಿದ್ದ ದಿನಗಳು. ಕುಬಸಕ್ಕೆ ಬಸುರಿಗೆ ಹಸಿರು ಬಳೆ ಇಡಿಸಬೇಕು. ಅವ್ವ ವಿಜಯಪುರದಿಂದ ಯಾರೋ ಬಳೆಗಾರನನ್ನು ಕರೆಸಿದಳು. ಅವನು ಅವಸರದಲ್ಲಿ ತುರುಕಿದ. ಒಂದು ಬಳೆ ಒಡೆದು ನನ್ನ ಕೈ ಗೀರಿತು. ಅವ್ವ ಯಾರೂ ನೋಡುವ ಮೊದಲೇ ಚೂರುಗಳನ್ನು ಸೆರಗಿನಲ್ಲಿ ಮುಚ್ಚಿದಳು.

ಬೀಗರು ಗಾಡಿ ತುಂಬ ಬಂದರು. ಓಣಿಯವರೆಲ್ಲ ಬಂದರು. ಚಾಚಿಯ ಮನೆಯೊಂದಕ್ಕೆ ಕರೆ ಹೋಗಿರಲಿಲ್ಲ. ಉಡಿ ತುಂಬಿ, ಆರತಿಯಾಗಿ, ಹೋಳಿಗೆ ಬಡಿಸುವ ಹೊತ್ತಿಗೆ ಬಾಗಿಲ ಹತ್ತಿರದವರು ಸರಿದು ದಾರಿ ಬಿಟ್ಟರು. ತಲೆ ಎತ್ತಿ ನೋಡಿದೆ. ಚಾಚಿ ಬಂದಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಕಿವಿ ಬೋಳು. ಸೆರಗು ಹಣೆಯ ತನಕ ಎಳೆದುಕೊಂಡಿದ್ದಳು.

‘ಯಾರಿವ್ರು?’ ನಮ್ಮತ್ತೆ ಕೇಳಿದರು.

‘ಸಣ್ಣಾಕಿ ಇದ್ದಾಗಿಂದ ನಂಗ ಬಳಿ ಇಟ್ಟ ಚಾಚಿ ರೀ’ ಅಂದೆ.

‘ಹಂಗಾದ್ರ ಒಳಗ ಕರೀರಿ’ ಅಂದರು ನಮ್ಮತ್ತೆ. ಬೀಗರ ಮುಂದೆ ಅವ್ವ ಏನು ಮಾಡಿಯಾಳು, ಬಾಯಿ ತುಂಬ ನಗು ತಂದುಕೊಂಡು, ‘ಬಾ ತಂಗಿ, ಒಳಗ ಬಾ’ ಅಂದಳು. ಚಾಚಿ ಒಳಗೆ ಬರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತಳು. ಯಾರ ಮುಖವನ್ನೂ ನೋಡಲಿಲ್ಲ.

ಅವ್ವ ಹೋಳಿಗೆಯ ತಾಟು ತಂದು ಮುಂದಿಟ್ಟಳು. ಚಾಚಿ ಮುಟ್ಟಲಿಲ್ಲ. ಚಹಾ ತಂದಳು. ಅದನ್ನೂ ಮುಟ್ಟಲಿಲ್ಲ. ನೀರು ತಂದಳು. ‘ಒಲ್ಲೆ’ ಅನ್ನಲೂ ಇಲ್ಲ ಅವಳು. ಗುಂಪಿನ ಹೆಂಗಸರಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು, ಒಬ್ಬೊಬ್ಬಳೇ ತಾಟು ಕೆಳಗಿಟ್ಟಳು. ನಾನು ಎದ್ದು ಹೋಗಿ ಅವಳ ಮುಂದೆ ನಿಂತೆ. ‘ಚಾಚಿ, ನನ್ನ ಕೈ ನೋಡ್ರಿ, ಹ್ಯಾಂಗ ಗೀರ್‍ಯಾನ’ ಅಂದೆ. ಹಾಗಾದರೂ ಮಾತಾಡಲಿ ಅಂತ. ಅವಳು ನನ್ನ ಕೈ ನೋಡಿದಳು.  ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಆ ಕ್ಷಣ ನನಗೆ ಅವಳ ಮೇಲೂ ಹಗೆ ಹುಟ್ಟಿತು, ಹೊಟ್ಟೆಯಲ್ಲಿ ಇರುವುದು ನನ್ನ ಕೂಸಲ್ಲವೇ.

ಚಹಾದ ಮೇಲೆ ಕೆನೆ ಕಟ್ಟಿದ ಮೇಲೆ ಚಾಚಿ ಎದ್ದಳು. ಸುಮ್ಮನೆ ಹೊರಟಳು.

ಅವ್ವ ಹೊಸ ಸೀರೆಯಲ್ಲಿ ಬರಿಗಾಲಲ್ಲಿ ಅವಳ ಹಿಂದೆ ಓಡಿದಳು. ಓಣಿಯ ನಡುವೆ ಅವಳ ಕೈಹಿಡಿದು ನಿಲ್ಲಿಸಿದಳು. ‘ಬರ್ತೇನಿ ಅಂದು ಹೋಗು ತಂಗಿ. ಒಂದು ಮಾತು. ನಿನ್ನ ಉಳದ ಕಂತೆಲ್ಲಾ ನಾ ತುಂಬ್ತೇನಿ. ನಿನ್ನ ಕಾಲಿಗೆ ಬೀಳ್ತೇನಿ.’

ಚಾಚಿ ಕೈ ಬಿಡಿಸಿಕೊಂಡಳು. ದನಿ ಏರಿಸಲಿಲ್ಲ, ಆದರೂ ಬಾಗಿಲಲ್ಲಿದ್ದ ನಮಗೆಲ್ಲ ಕೇಳಿಸಿತು. ‘ನೀವಽ ಕಲಿಸಿದ್ದಲ್ಲೇನಕ್ಕಾ? ಇಂಥಾ ಮನಿಯಿಂದ ಹಂಗ ಅಂದು ಹೋಗಬಾರದು.’

ನಮ್ಮತ್ತೆ ಕೆಟ್ಟವರಲ್ಲ. ಪಕ್ಕದಲ್ಲಿದ್ದವಳನ್ನು ಏನಿದು ಅಂತ ಕೇಳಿದರು. ಅವಳು ಗುಂಪಿನವಳೇ, ಆ ಕಟ್ಟೆಯ ಮೇಲೆ ಪ್ರತಿ ಸಲ ಅವ್ವನ ಮಗ್ಗುಲಲ್ಲೇ ಕೂತವಳು. ಕೇಳಿದ್ದೇ ತಡ, ಮುದುಕಿ ಅತ್ತದ್ದರಿಂದ ಹಿಡಿದು ಎಲ್ಲ ಹೇಳಿದಳು. ಹೇಳುವಾಗ ಅವ್ವನ ಹೆಸರೊಂದೇ ಹೇಳಿದಳು. ಅತ್ತೆ ಎದ್ದು ನನ್ನ ಬಟ್ಟೆಯ ಚೀಲ ಎಲ್ಲಿದೆ ಅಂತ ಕೇಳಿದರು.

‘ನಮ್ಮ ಸೊಸಿ ಬಾಣಂತನ ಈ ಮನ್ಯಾಗ ಆಗೂದಿಲ್ರಿ’ ಅಂದರು.

ಅವ್ವ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. ‘ಇಲ್ಲಿ ಯಾರೂ ಸತ್ತಿಲ್ರಿ ಬೀಗತಿ’ ಅಂದಳು.

‘ಗೊತ್ತೈತ್ರಿ’ ಅಂದರು ಅತ್ತೆ. ‘ಆದ್ರೂ.’

ಗಾಡಿ ಹತ್ತುವಾಗ ಅವ್ವ ಕಿಟಕಿಯ ಹತ್ತಿರ ಬಂದು ನಿಂತಳು. ನಿಲ್ಲಿಸು ಅನ್ನಲಿಲ್ಲ, ಅಳಲೂ ಇಲ್ಲ. ಅವಳು ಯಾವ ಮಾತಿಗೆ ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ತವರಿನಿಂದ ಹೊರಡುವ ಯಾವ ಮಗಳಾದರೂ ಯೋಚಿಸದೆ ಹೇಳುವ ಮಾತು ಅದು. ನನ್ನ ಬಾಯಿಗೂ ಬಂದಿತ್ತು. ಒಳಗಿನಿಂದ ಅಳುತ್ತ ‘ನನ್ನ ಮಗಾ ಏನು’ ಅಂತ ಕೇಳಿದ ಆ ಮುದುಕಿಯ ದನಿ ನೆನಪಾಯಿತು, ಅವ್ವ ಎತ್ತಿದ ಬೆರಳು ನೆನಪಾಯಿತು. ನಾನು ಬಾಯಿ ಮುಚ್ಚಿಕೊಂಡೆ. ಗಾಡಿ ಹೊರಟಿತು. ನಾನು ಹಿಂತಿರುಗಿ ನೋಡಲಿಲ್ಲ.

ನನ್ನ ಮಗಳು ವಿಜಯಪುರದ ಆಸ್ಪತ್ರೆಯಲ್ಲಿ ಆರೋಗ್ಯವಾಗಿ ಹುಟ್ಟಿದಳು. ಬಾಣಂತನ ಕಾಖಂಡಕಿಯಲ್ಲಿ ಆಯಿತು. ಚಾಚಿ ಬಳೆಯ ಪೆಟ್ಟಿಗೆ ಮಾರಿ, ಈಗ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಾಳೆ, ಅವ್ವನಿಂದ ದೂರದ ಸಾಲಿನಲ್ಲಿ ಕೂರುತ್ತಾಳಂತೆ. ಹಂಡೆಯಲ್ಲಿ ಅಪ್ಪ ಸ್ನಾನದ ನೀರು ಕಾಯಿಸಿಕೊಳ್ಳುತ್ತಾನೆ. ಕುಬಸವಾದ ಎರಡು ದಿನಕ್ಕೆ ಮಂಗಳವಾರವಿತ್ತು. ಅವ್ವ ಎಂದಿನಂತೆ ಜಮಖಾನ ಹಾಸಿದಳಂತೆ, ಎಲ್ಲರಿಗಿಂತ ಮೊದಲು ತನ್ನ ಎರಡೂ ಕಂತು ಕಟ್ಟಿದಳಂತೆ. ಈಗಲೂ ಒಂದು ವಾರವೂ ತಪ್ಪಿಸುವುದಿಲ್ಲ. ರೊಟ್ಟಿ ಬಡಿದು ಬಡಿದು ಅಂಗೈ ಬಿರಿದಿದೆ, ಒಂದು ಹೊತ್ತು ಉಂಡು ಒಂದು ಹೊತ್ತು ಬಿಡುತ್ತಾಳೆ. ತಪ್ಪಿಸಿದರೆ ಬುಧವಾರ ತನ್ನ ಕಟ್ಟೆ ಮೇಲೆ ಯಾರು ಬಂದು ಕೂರುತ್ತಾರೆ ಅಂತ ಅವಳಿಗೆ ಗೊತ್ತು.